ಉಸಿರು ಎಣಿಸುವ ಡಾಕ್ಟರೇಟ್

ರಾಯಚೂರಿನ ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಗೋಡೆಗಳು ಬಿಸಿಲನ್ನು ಬಿಟ್ಟುಕೊಡುವುದಿಲ್ಲ. ಮಾಳಿಗೆಗೆ ಎರಡು ಕೊಡ ನೀರು ಸುರಿದು, ಆರಿದ ಮೇಲೆ ಚಾಪೆ ಹಾಸಿ ಮಲಗುವುದು ನಮ್ಮ ಮನೆಯ ರೂಢಿ. ಹಾಗೆ ಮಲಗಿದ್ದಾಗಲೇ ಅವಳ ಫೋನ್ ಬಂತು. ಅವಳಿರುವ ಊರಿನಲ್ಲಿ ಆಗ ನಡುಮಧ್ಯಾಹ್ನ. ಮಾನ್ವಿ ಕಡೆಯ ಹಳ್ಳಿಯಿಂದ ತಗಡಿನ ಟ್ರಂಕು ಹೊತ್ತು ಬಂದು ನಮ್ಮ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ ಸೇರಿದ್ದ ಹುಡುಗಿ. ಮೊದಲ ವರ್ಷದಲ್ಲಿ ರೋಗಿ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಾಯಿಸುವುದನ್ನು ಅವಳಿಗೆ ಕಲಿಸಿದವಳು ನಾನು. ಈಗ ಅಮೆರಿಕದ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ದುಡಿಯುತ್ತಲೇ ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಓದುತ್ತಿದ್ದಾಳೆ.

"ಮೇಡಂ, ನನ್ನ ಪ್ರಾಜೆಕ್ಟಿಗೆ ಒಪ್ಪಿಗೆ ಸಿಕ್ಕಿತು" ಎಂದಳು. ವಿಷಯ ಏನೆಂದು ಕೇಳಿದೆ.

"ಉಸಿರು ಎಣಿಸುವುದು ಮೇಡಂ. ರೋಗಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಎಂಬುದನ್ನು ನರ್ಸ್‌ಗಳು ನಿಜವಾಗಿ ಎಣಿಸಿ ಬರೆಯುವಂತೆ ಮಾಡುವುದು. ಅಷ್ಟೇ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉಸಿರು ಎಣಿಸುವುದು ಮೊದಲ ವರ್ಷದ ಮೊದಲ ತಿಂಗಳ ಪಾಠ. ಹೊಲ ಅಡವಿಟ್ಟು ಓದಿಸಿದ ಅಪ್ಪ, ಏಳು ಸಮುದ್ರದಾಚೆಯ ವಿಶ್ವವಿದ್ಯಾಲಯ, ಹೆಸರಿನ ಹಿಂದೆ ಡಾಕ್ಟರ್ ಎಂಬ ಬಿರುದು, ಕೊನೆಗೆ ವಿಷಯ ಇದೇ? ಮನಸ್ಸಿಗೆ ಪಿಚ್ಚೆನಿಸಿತು. ಅವಳಿಗೆ ಅದು ತಿಳಿದಿರಬೇಕು. "ಮೇಡಂ, ನಮ್ಮ ವಾರ್ಡಿನಲ್ಲಿ ನಾವು ಏನು ಬರೆಯುತ್ತಿದ್ದೆವು, ನೆನಪಿದೆಯೇ?" ಎಂದು ಕೇಳಿದಳು.

ನೆನಪಿತ್ತು. ಇಪ್ಪತ್ತು.

ರೋಗಿಯ ಜ್ವರ, ನಾಡಿ, ಉಸಿರು ಬರೆದಿಡುವ ಟಿಪಿಆರ್ ಹಾಳೆಯನ್ನು ನೋಡಿದವರಿಗೆಲ್ಲ ಇದು ಗೊತ್ತು. ಜ್ವರದ ಅಂಕಿ ಏರುತ್ತದೆ, ಇಳಿಯುತ್ತದೆ. ನಾಡಿಯದೂ ಹಾಗೆಯೇ. ಉಸಿರಿನ ಸಾಲಿನಲ್ಲಿ ಮಾತ್ರ ಬೆಳಿಗ್ಗೆ 20, ಮಧ್ಯಾಹ್ನ 20, ರಾತ್ರಿ 20. ಎಂಬತ್ತರ ಮುದುಕಿಗೂ ಇಪ್ಪತ್ತರ ಹುಡುಗನಿಗೂ 20. ಜ್ವರವನ್ನು ಥರ್ಮಾಮೀಟರ್ ಹೇಳುತ್ತದೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿದರೆ ನಾಡಿಯೂ ಆಮ್ಲಜನಕವೂ ತಿಳಿಯುತ್ತವೆ. ಉಸಿರಿಗೆ ಮಾನಿಟರ್ ಇಲ್ಲದ ವಾರ್ಡಿನಲ್ಲಿ ಎದೆಯನ್ನೇ ನೋಡುತ್ತಾ ಒಂದು ಪೂರ್ತಿ ನಿಮಿಷ ನಿಲ್ಲಬೇಕು. ನಲವತ್ತು ಹಾಸಿಗೆಗಳಿಗೆ ಇಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಆ ನಲವತ್ತು ನಿಮಿಷಗಳನ್ನು ಎಲ್ಲಿಂದ ತರುವುದು? ಸೋಮಾರಿತನ ಎನ್ನುವವರು ಒಂದು ರಾತ್ರಿ ಬಂದು ನಮ್ಮ ಜೊತೆ ನಿಂತು ನೋಡಬೇಕು. ಆದರೆ ಕಾರಣ ಏನೇ ಇರಲಿ, ಆ 20 ಸುಳ್ಳು. ಆ ಸುಳ್ಳನ್ನು ನಾನೂ ಬರೆದಿದ್ದೇನೆ.

ದೇಹ ಕೆಡುವಾಗ ಅನೇಕ ಸಲ ಮೊದಲು ಬದಲಾಗುವುದು ಉಸಿರಿನ ಲೆಕ್ಕವೇ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕಪಟ್ಟಿ ಮಾಡಿತು, 2017ರಲ್ಲಿ ಅದನ್ನು ತಿದ್ದಿತು. ಉಸಿರು, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಇವುಗಳಿಗೆ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸುವುದು ಅದರ ಕ್ರಮ. ಉಸಿರು 12ರಿಂದ 20ರೊಳಗೆ ಇದ್ದರೆ ಅಂಕ ಸೊನ್ನೆ. 21ರಿಂದ 24 ಇದ್ದರೆ ಎರಡು. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು. ಆ ಮೂರು ಒಂದೇ ಕಂಡರೂ ತಡಮಾಡದೆ ರೋಗಿಯನ್ನು ನೋಡಬೇಕು. ಒಟ್ಟು ಏಳಾದರೆ ತುರ್ತು. ಹಾಗಾಗಿ ಕೈ ತಾನಾಗಿ ಬರೆದ 20 ಎಂದರೆ ಸೊನ್ನೆ ಅಂಕ. ಯಾರೂ ಓಡಿ ಬರುವುದಿಲ್ಲ.

ಅವಳು ಓದುತ್ತಿರುವ ಪದವಿಯ ಹೆಸರು ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಚಿಕ್ಕದಾಗಿ ಡಿಎನ್‌ಪಿ. ಇದು ಪಿಎಚ್‌ಡಿ ಅಲ್ಲ. ಪಿಎಚ್‌ಡಿ ಹೊಸ ತಿಳಿವಳಿಕೆಯನ್ನು ಹುಡುಕುವವರ ದಾರಿ. ಇರುವ ತಿಳಿವಳಿಕೆಯನ್ನು ರೋಗಿಯ ಹಾಸಿಗೆಯವರೆಗೆ ತಲುಪಿಸುವವರ ದಾರಿ ಡಿಎನ್‌ಪಿ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯ 2001ರಲ್ಲಿ ಇದನ್ನು ಆರಂಭಿಸಿತು. 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ, 2015ರ ಹೊತ್ತಿಗೆ ಉನ್ನತ ಹಂತದ ನರ್ಸ್‌ಗಳ ತರಬೇತಿಯೆಲ್ಲ ಡಾಕ್ಟರೇಟ್ ಮಟ್ಟಕ್ಕೆ ಏರಬೇಕೆಂದು ನಿರ್ಣಯಿಸಿತು. ಆ ಗುರಿ ಪೂರ್ತಿ ಮುಟ್ಟಲಿಲ್ಲ. ಸ್ನಾತಕೋತ್ತರ ಪದವಿಯಿಂದಲೇ ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಯನ್ನು ತಾನೇ ಪರೀಕ್ಷಿಸಿ ಔಷಧ ಬರೆಯುವ ಉನ್ನತ ನರ್ಸ್, ಆಗುವವರು ಅಲ್ಲಿ ಇಂದಿಗೂ ಇದ್ದಾರೆ. ಅರಿವಳಿಕೆ ಕೊಡುವ ನರ್ಸ್ ಆಗಲು ಹೊಸದಾಗಿ ಓದಿಗೆ ಸೇರುವವರಿಗೆ ಮಾತ್ರ 2022ರಿಂದ ಡಾಕ್ಟರೇಟ್ ಕಡ್ಡಾಯವಾಯಿತು.

ಅವಳು ಆರಿಸಿಕೊಂಡ ವಿಭಾಗ ವಯಸ್ಕರ ಮತ್ತು ವೃದ್ಧರ ತೀವ್ರ ಆರೈಕೆ. ಕೇಳಿದಷ್ಟೂ ನನಗೆ ಆಸೆ ಹುಟ್ಟಿಸಿದ್ದು ಈ ಓದಿನ ಒಳಗಿನ ಸಂಗತಿಗಳು. ಮೂರು ವಿಷಯಗಳು ಅದರ ಅಡಿಪಾಯ: ರೋಗದಲ್ಲಿ ದೇಹ ಹೇಗೆ ಕೆಡುತ್ತದೆ, ಔಷಧ ಹೇಗೆ ಕೆಲಸ ಮಾಡುತ್ತದೆ, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಹೇಗೆ ಪರೀಕ್ಷಿಸಬೇಕು. ಆಮೇಲೆ ಗಂಟೆಗಟ್ಟಲೆ ಐಸಿಯು. 2006ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ, ಬಿ.ಎಸ್‌ಸಿ. ಪದವಿಯ ನಂತರದ ಓದಿನ ಭಾಗವಾಗಿ ಕನಿಷ್ಠ 1000 ಗಂಟೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕಿತ್ತು. ಬೆಳಗಿನ ರೌಂಡ್ಸ್‌ನಲ್ಲಿ ಅವಳೇ ರೋಗಿಯ ಸ್ಥಿತಿಯನ್ನು ವಿವರಿಸಬೇಕು. ಈ ಔಷಧ ಏಕೆ, ಈ ಪ್ರಮಾಣ ಏಕೆ, ಮೂತ್ರಪಿಂಡ ಕೆಟ್ಟಿದ್ದರೆ ಏನು ಮಾಡುತ್ತೀಯಾ ಎಂದು ಪ್ರಶ್ನೆಗಳು ಬರುತ್ತವೆ. ನಿಂತಲ್ಲೇ ಉತ್ತರ ಕೊಡಬೇಕು. ಕತ್ತಿನ ದೊಡ್ಡ ರಕ್ತನಾಳಕ್ಕೆ ಅಲ್ಟ್ರಾಸೌಂಡ್ ನೋಡುತ್ತಾ ನಳಿಕೆ ಹಾಕುವುದನ್ನು ಕಲಿತ ದಿನ ಅವಳು ಫೋನಿನಲ್ಲಿ ಅತ್ತಿದ್ದಳು. ಭಯದಿಂದಲ್ಲ. "ಡಾಕ್ಟರು ಹಾಕುವಾಗ ಹತ್ತು ವರ್ಷ ಟ್ರೇ ಹಿಡಿದು ನಿಂತಿದ್ದೆ ಮೇಡಂ" ಎಂದಿದ್ದಳು.

ಕೊನೆಯಲ್ಲಿ ಪ್ರಾಜೆಕ್ಟ್. ಸಾವಿರ ಜನರಿಗೆ ಪ್ರಶ್ನಾವಳಿ ಹಂಚುವುದು ಬೇಡ. ಒಂದು ವಾರ್ಡಿನ ಒಂದು ತಪ್ಪನ್ನು ಸರಿಪಡಿಸಿ ತೋರಿಸಬೇಕು. ಅವಳು ಮೊದಲು ಹಳೆಯ ಹಾಳೆಗಳನ್ನು ತೆಗೆದು ಬರೆದ ಅಂಕಿಗಳನ್ನು ನೋಡಿದಳು. ಆಮೇಲೆ ತಾನೇ ನಿಂತು ಎಣಿಸಿ ಹೋಲಿಸಿದಳು. ಅಲ್ಲೂ ನಮ್ಮಂತೆಯೇ ಒಂದೇ ಅಂಕಿಯ ಸಾಲು ಕಂಡಿತಂತೆ. ಬೈದರೆ ಆಗುವ ಕೆಲಸವಲ್ಲ. ಏಕೆ ಎಣಿಸುವುದಿಲ್ಲ ಎಂದು ನರ್ಸ್‌ಗಳನ್ನೇ ಕೇಳಿದಾಗ ಒಬ್ಬರು, ರೋಗಿಯ ಹಾಸಿಗೆಯ ಪಕ್ಕ ನಿಂತರೆ ಗಡಿಯಾರ ಕಾಣುವುದಿಲ್ಲ ಎಂದರಂತೆ. ಅದು ಹಿಂದಿನ ಗೋಡೆಯಲ್ಲಿತ್ತು. ಗಡಿಯಾರದ ಜಾಗ ಬದಲಾಯಿಸಿ, ಎರಡು ವಾರ ಅಳೆದು, ಸಾಲದಿದ್ದರೆ ಇನ್ನೊಂದು ಬದಲಾವಣೆ ಮಾಡಿ, ಮತ್ತೆ ಅಳೆಯುವುದು. ಇದನ್ನೇ ತಜ್ಞರ ಸಮಿತಿಯ ಮುಂದೆ ಅವಳು ಮಂಡಿಸಬೇಕು.

ಗಡಿಯಾರದ ಮಾತು ಕೇಳುವವರೆಗೆ ನನ್ನ ಪಿಚ್ಚುತನ ಹೋಗಿರಲಿಲ್ಲ. ಕೇಳಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಒಬ್ಬ ಹುಡುಗ ನೆನಪಾದ.

ಹತ್ತಿಗೆ ಔಷಧ ಹೊಡೆಯುವಾಗ ಬೆನ್ನಿನ ಪಂಪು ಸೋರಿ ಅವನ ಅಂಗಿಯೆಲ್ಲ ತೊಯ್ದಿತ್ತು. ಸಂಜೆಯ ತನಕ ಅದೇ ಅಂಗಿಯಲ್ಲಿ ಕೆಲಸ ಮಾಡಿದ್ದ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಸೂಜಿಮೊನೆಯಂತಾದ ಕಣ್ಣಿನ ಪಾಪೆ. ಹತ್ತಿ ಮತ್ತು ಭತ್ತ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಗುರುತಿಸಲು ಯಾವ ನರ್ಸ್‌ಗೂ ಪುಸ್ತಕ ಬೇಕಿಲ್ಲ. ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷ. ಅದಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟರು. ಐದೈದು ನಿಮಿಷಕ್ಕೆ ಪ್ರಮಾಣ ಏರಿಸುತ್ತಾ ಹೋದರು. ಎದೆಯ ಗೊರಗೊರ ನಿಂತಿತು, ಬೆವರು ಆರಿತು. ಎರಡನೆಯ ದಿನ ಎದ್ದು ಕೂತು ಗಂಜಿ ಕುಡಿದ. ಗೆದ್ದೆವು ಎಂದುಕೊಂಡೆವು.

ಮೂರನೆಯ ರಾತ್ರಿ ಅವನ ತಾಯಿ ನನ್ನ ಬಳಿ ಬಂದಳು. "ಯವ್ವಾ, ನೀರು ಕುಡಿಸಲು ಹೋದರೆ ನನ್ನ ಮಗನ ಕುತ್ತಿಗೆ ನಿಲ್ಲುತ್ತಿಲ್ಲ. ದಿಂಬಿನಿಂದ ತಲೆ ಎತ್ತುತ್ತಿಲ್ಲ" ಎಂದಳು. ನಾಡಿ ನೋಡಿದೆ, ಸರಿಯಿತ್ತು. ಬಿಪಿ ಸರಿಯಿತ್ತು. "ಸುಸ್ತು ಇರುತ್ತದೆ ಅಮ್ಮಾ, ಮಲಗಲಿ ಬಿಡಿ" ಎಂದೆ. ಹಾಳೆಯಲ್ಲಿ 20 ಎಂದು ಬರೆದೆ. ಬೆಳಗಿನ ಜಾವ ಅವನ ತುಟಿ ನೀಲಿಯಾಗಿತ್ತು. ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಲೇ, ವೆಂಟಿಲೇಟರ್ ಇರುವ ಊರಿಗೆ ಆಂಬುಲೆನ್ಸ್ ಹೊರಡಿಸಿದೆವು. ಅವನು ಊರು ಮುಟ್ಟಲಿಲ್ಲ.

ಮುಂದೆ ಎಂ.ಎಸ್‌ಸಿ. ಓದುವಾಗ ಗ್ರಂಥಾಲಯದಲ್ಲಿ ಆ ತಾಯಿಯ ಮಾತು ನನಗೆ ಸಿಕ್ಕಿತು. ಈ ವಿಷಬಾಧೆಯಲ್ಲಿ ಮೊದಲ ಲಕ್ಷಣಗಳು ಇಳಿದ ಮೇಲೆ, ಒಂದರಿಂದ ನಾಲ್ಕು ದಿನಗಳ ಒಳಗೆ ಸ್ನಾಯುಗಳು ಸೋಲಬಹುದು. ಕುತ್ತಿಗೆ ಮೊದಲು ಸೋಲುತ್ತದೆ, ರೋಗಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯುಗಳು. ಅಟ್ರೋಪಿನ್ ಇಲ್ಲಿ ಕೆಲಸ ಮಾಡುವುದಿಲ್ಲ. ಸಮಯಕ್ಕೆ ಸರಿಯಾಗಿ ಉಸಿರಿಗೆ ಆಸರೆ ಕೊಟ್ಟರೆ ರೋಗಿ ಉಳಿಯಬಹುದು. 1987ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟವರು ಶ್ರೀಲಂಕಾದ ವೈದ್ಯರಾದ ಸೇನಾನಾಯಕ ಮತ್ತು ಕರಳ್ಳಿಯದ್ದೆ. ನಮ್ಮಂಥದೇ ಹೊಲ, ನಮ್ಮಂಥದೇ ರೋಗಿಗಳ ನಡುವೆ ಕಂಡುಕೊಂಡ ವಿದ್ಯೆ. ಅಕ್ಷರ ಬಾರದ ತಾಯಿ ಪಠ್ಯಪುಸ್ತಕದ ಮೊದಲ ಲಕ್ಷಣವನ್ನೇ ನನಗೆ ಹೇಳಿದ್ದಳು. ಅವಳ ಮಗನ ಉಸಿರನ್ನು ಒಂದು ನಿಮಿಷ ನಿಂತು ಎಣಿಸಿದ್ದರೆ, ಅದು ಎಷ್ಟು ಮೇಲುಮೇಲಿನದಾಗಿದೆ ಎಂದು ನೋಡಿದ್ದರೆ, ನಮಗೆ ಕೆಲವು ಗಂಟೆಗಳಾದರೂ ಸಿಗುತ್ತಿದ್ದವು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಆ ಕುತ್ತಿಗೆಯ ಅರ್ಥ ತಿಳಿದುಕೊಂಡ ಓದೇ ನನ್ನನ್ನು ಹಾಸಿಗೆಯಿಂದ ದೂರ ಮಾಡಿತು. ಎಂ.ಎಸ್‌ಸಿ. ಮುಗಿಸಿದ ನರ್ಸ್ ನಮ್ಮಲ್ಲಿ ಸಾಮಾನ್ಯವಾಗಿ ವಾರ್ಡಿಗೆ ಮರಳುವುದಿಲ್ಲ, ಕಾಲೇಜಿಗೆ ಹೋಗುತ್ತಾಳೆ. ಉಪನ್ಯಾಸಕಿಯಾಗುತ್ತಾಳೆ, ಪ್ರಾಂಶುಪಾಲೆಯಾಗುತ್ತಾಳೆ. ನಾನೂ ಹಾಗೆಯೇ ಹೋದೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ಇಪ್ಪತ್ತೊಂದರ ಹುಡುಗಿ ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತಿರುತ್ತಾಳೆ. ಹದಿನೈದು ವರ್ಷ ಕಲಿತವರು ಕಪ್ಪುಹಲಗೆಯ ಮುಂದೆ. ಪಿಎಚ್‌ಡಿಯಂತೂ ಇನ್ನೂ ದೂರ. ನಮ್ಮ ನರ್ಸಿಂಗ್ ಪ್ರಬಂಧಗಳಲ್ಲಿ ಎಷ್ಟೋ 'ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ' ಎಂಬ ಒಂದೇ ಅಚ್ಚಿನವು. ಪಾಠಕ್ಕೆ ಮೊದಲು ಒಂದು ಪರೀಕ್ಷೆ, ಪಾಠದ ನಂತರ ಅದೇ ಪರೀಕ್ಷೆ, ಅಂಕ ಹೆಚ್ಚಾಯಿತು ಎಂಬ ತೀರ್ಮಾನ. ನನ್ನ ಪ್ರಬಂಧವೂ ಅದೇ ಅಚ್ಚಿನದು. ಅದನ್ನು ಬರೆಸಿದ ಗುರುಗಳ ಮೇಲೆ ನನಗೆ ಗೌರವವಿದೆ. ಆದರೆ ಅದರಿಂದ ಒಂದು ಹಾಸಿಗೆಯಲ್ಲೂ ಏನೂ ಬದಲಾಗಲಿಲ್ಲ.

ಭಾರತದಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2017ರಲ್ಲಿ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸ್ ಆರಂಭಿಸಿತು. ರೆಸಿಡೆನ್ಸಿ ಮಾದರಿಯದು, ಹೆಚ್ಚಿನ ಕಲಿಕೆ ಐಸಿಯುನಲ್ಲೇ. ಅದೇ ವರ್ಷದ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ನರ್ಸ್ ಪ್ರಾಕ್ಟೀಷನರ್ ಎಂಬ ಮಾತು ಬಂತು. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂತು. ಇವೆಲ್ಲ ಒಳ್ಳೆಯದೇ. ಆದರೆ ಆ ಕೋರ್ಸ್ ಮುಗಿಸಿದವಳು ನಮ್ಮ ಕಡೆಗೆ ಬಂದರೆ ಅವಳ ಹೆಸರಿನ ಹುದ್ದೆ ಯಾವ ಆಸ್ಪತ್ರೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸ್ಟಾಫ್ ನರ್ಸ್ ಎಂಬ ಹೆಸರು ಶುಶ್ರೂಷಾಧಿಕಾರಿ ಎಂದಾಯಿತು. ಮರ್ಯಾದೆಯ ಹೆಸರು, ನನಗೂ ಸಂತೋಷವೇ. ಹುದ್ದೆಯ ಒಳಗಿನ ಕೆಲಸವೂ ಅಧಿಕಾರವೂ ಬೆಳೆಯಬೇಕಲ್ಲವೇ?

ಇದು ಅಮೆರಿಕದವರ ಶ್ರೀಮಂತ ಹವ್ಯಾಸ, ನಮಗೇಕೆ ಎಂದು ಒಬ್ಬ ಹಿರಿಯ ವೈದ್ಯರು ನನ್ನನ್ನು ಕೇಳಿದರು. ನರ್ಸ್ ಪ್ರಾಕ್ಟೀಷನರ್ ಎಂಬ ಯೋಚನೆ ಹುಟ್ಟಿದ್ದು 1965ರಲ್ಲಿ, ಕೊಲೊರಾಡೊದಲ್ಲಿ. ಹುಟ್ಟಿಸಿದವರು ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯ. ಹಳ್ಳಿಗಾಡಿನ ಮಕ್ಕಳಿಗೆ ವೈದ್ಯರು ಸಿಗುತ್ತಿರಲಿಲ್ಲ, ಅದಕ್ಕಾಗಿ. ಅಂದರೆ ಅದು ಹುಟ್ಟಿದ್ದೇ ಲಿಂಗಸುಗೂರು, ದೇವದುರ್ಗದಂಥ ಊರುಗಳ ಚಿಂತೆಯಿಂದ. ಫೋರ್ಡ್ ಅವರು 2025ರ ಜನವರಿಯಲ್ಲಿ, 104ರ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ತರಗತಿಯಲ್ಲಿ ಅವರ ಕಥೆ ಹೇಳಿದೆ. ನರ್ಸ್‌ಗಳ ಓದಿಗೂ ರೋಗಿಗಳ ಬದುಕಿಗೂ ಇರುವ ನಂಟನ್ನು ಅಳೆದವರೂ ಇದ್ದಾರೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ನೋಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಪದವೀಧರ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಾದಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿ ಸಾಯುವ ಸಂಭವ ಶೇ 7ರಷ್ಟು ಕಡಿಮೆ ಇತ್ತು, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಿಗೆ ಇನ್ನೊಬ್ಬ ಸೇರಿದಲ್ಲಿ ಅಷ್ಟೇ ಹೆಚ್ಚಿತ್ತು. ಎರಡನೆಯ ಅರ್ಧವನ್ನು ಮರೆತು ಮೊದಲ ಅರ್ಧವನ್ನಷ್ಟೇ ಹೇಳಿದರೆ ಮೋಸವಾಗುತ್ತದೆ. ನಲವತ್ತು ಹಾಸಿಗೆಗೆ ಇಬ್ಬರನ್ನೇ ಇಟ್ಟು, ಅವರಿಬ್ಬರಿಗೂ ಡಾಕ್ಟರೇಟ್ ಕೊಟ್ಟರೂ ಉಸಿರು ಎಣಿಸಲಾಗದು.

ಅಮೆರಿಕದಲ್ಲಿಯೂ ಜಗಳಗಳಿವೆ. ನರ್ಸ್ ತನ್ನನ್ನು ಡಾಕ್ಟರ್ ಎಂದು ಕರೆದುಕೊಂಡರೆ ರೋಗಿಗೆ ಗೊಂದಲವಾಗುತ್ತದೆ ಎಂಬ ವಾದ ನ್ಯಾಯಾಲಯದ ತನಕ ಹೋಗಿದೆ. ಓದಿನ ಸಾಲ ತೀರಿಸಲು ವರ್ಷಗಳೇ ಬೇಕು. ನನ್ನ ಹುಡುಗಿಯೂ ಸಾಲದಲ್ಲಿದ್ದಾಳೆ. ಬಿರುದಿನ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನಾಳೆ ಅವಳು ಊರಿಗೆ ಮರಳಿದರೆ ಮಾನ್ವಿಯ ರೋಗಿ ಅವಳನ್ನು 'ಅಕ್ಕಾ' ಎಂದೇ ಕರೆಯುತ್ತಾನೆ, ಅವಳು ಓಗೊಡುತ್ತಾಳೆ.

ನಮ್ಮ ಭಾಗದಲ್ಲಿ ಕಟ್ಟಡಗಳಿಗಾಗಿ ಹೋರಾಡಿದ್ದೇವೆ, ಅದು ತಪ್ಪಲ್ಲ. ಬಳ್ಳಾರಿಗೆ 1961ರಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ರಾಯಚೂರು 2007ರವರೆಗೆ ಕಾಯಿತು, ಕೊಪ್ಪಳ 2015ರವರೆಗೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಪೆಂಡಾಲಿನಲ್ಲಿ ನಾನೂ ಕೂತಿದ್ದೇನೆ. ಇವತ್ತಿಗೂ ಕೈಯಲ್ಲಿ ನಾಲ್ಕು ಕಾಸು ಇದ್ದವರು ರೋಗಿಯನ್ನು ಹೈದರಾಬಾದಿಗೆ ಒಯ್ಯುತ್ತಾರೆ, ಇಲ್ಲದವರು ಇಲ್ಲೇ ಉಳಿಯುತ್ತಾರೆ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು ಸಿಗುತ್ತಿದೆ, ಕೆಲಸ ಸಿಗುತ್ತಿದೆ. ಅದೇ ಬಲದಿಂದ ಇನ್ನೊಂದನ್ನೂ ಕೇಳಬೇಕೆಂದು ನನ್ನ ಆಸೆ: ಈ ಜಿಲ್ಲೆಗಳ ಪ್ರತಿ ದೊಡ್ಡ ಐಸಿಯುಗೆ ಹಾಸಿಗೆಯ ಪಕ್ಕದಲ್ಲೇ ಉಳಿಯುವ, ಬಡ್ತಿಗಾಗಿ ಹಾಸಿಗೆ ಬಿಡಬೇಕಿಲ್ಲದ ಒಬ್ಬ ಉನ್ನತ ನರ್ಸ್. ಅವಳ ಓದು ವಿಷಬಾಧೆ, ಹಾವು ಕಡಿತ, ಬಿಸಿಲಾಘಾತ, ಗಣಿಧೂಳಿನ ಶ್ವಾಸಕೋಶ ಇವುಗಳಿಂದಲೇ ಶುರುವಾಗಲಿ. ಅವಳ ಡಾಕ್ಟರೇಟಿನ ವಿಷಯ, ಮೂರನೆಯ ರಾತ್ರಿ ಕುತ್ತಿಗೆ ನೋಡುವುದು ಎಂದಿರಲಿ. ಪ್ರತಿ ನಾಲ್ಕು ಗಂಟೆಗೊಮ್ಮೆ "ತಲೆ ಎತ್ತಪ್ಪಾ" ಎಂದು ಕೇಳಿ ಬರೆದುಕೊಳ್ಳುವ ಒಂದು ಹಾಳೆ. ಅದಕ್ಕೆ ಯಂತ್ರ ಬೇಡ, ವಿದ್ಯುತ್ ಬೇಡ.

ಅವಳ ಫೋನ್ ಬಂದ ಮರುವಾರ ನಾನು ಮಾರುಕಟ್ಟೆಗೆ ಹೋಗಿ ಸೆಕೆಂಡ್ ಮುಳ್ಳಿರುವ ನಾಲ್ಕು ಗೋಡೆ ಗಡಿಯಾರಗಳನ್ನು ತಂದೆ. ನಮ್ಮ ವಿದ್ಯಾರ್ಥಿಗಳು ತರಬೇತಿಗೆ ಹೋಗುವ ಆಸ್ಪತ್ರೆಯ ವಾರ್ಡಿನಲ್ಲಿ ಒಪ್ಪಿಗೆ ಪಡೆದು ಹಾಕಿಸಿದೆ. ನಡುವಿನ ಸಾಲಿನ ಹಾಸಿಗೆಗಳಿಂದಲೂ ಕಾಣಬೇಕು ಎಂದು ಹುಡುಗಿಯರೇ ಓಡಾಡಿ ಜಾಗ ಹುಡುಕಿದರು.

ಎರಡನೆಯ ವರ್ಷದ ಒಬ್ಬಳನ್ನು ಸಂಜೆ ಆರು ಗಂಟೆಗೆ ಒಂದು ಹಾಸಿಗೆಯ ಬಳಿ ನಿಲ್ಲಿಸಿ ಎಣಿಸು ಎಂದೆ. ನ್ಯುಮೋನಿಯಾದ ಅಜ್ಜ. ಮೊಮ್ಮಗಳು ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಹುಡುಗಿ ಗಡಿಯಾರ ನೋಡಿದಳು, ಎದೆ ನೋಡಿದಳು, ತುಟಿ ಅಲ್ಲಾಡಿಸುತ್ತಾ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಇಪ್ಪತ್ತೆಂಟು ಮೇಡಂ."

ಇನ್ನೊಬ್ಬಳನ್ನು ಡ್ಯೂಟಿ ಡಾಕ್ಟರರನ್ನು ಕರೆಯಲು ಕಳಿಸಿ, ಇವಳಿಗೆ ಹಾಳೆಯಲ್ಲಿ ಬರೆ ಎಂದೆ. ಅವಳು ಟಿಪಿಆರ್ ಹಾಳೆ ತೆಗೆದು ನೋಡಿ ಸುಮ್ಮನೆ ನಿಂತಳು. ಸಂಜೆ ಆರರ ಮನೆಯಲ್ಲಿ ಆಗಲೇ 20 ಇತ್ತು. ರಾತ್ರಿ ಹತ್ತರ ಮನೆಯಲ್ಲೂ 20. ನಾಳೆ ಬೆಳಿಗ್ಗೆ ಆರರ ಮನೆಯಲ್ಲೂ.

"ಬರೆಯಲು ಜಾಗವಿಲ್ಲ ಮೇಡಂ" ಎಂದಳು.

ಕಪಾಟಿನಿಂದ ಹೊಸ ಹಾಳೆ ತೆಗೆದು, ಅಜ್ಜನ ಹೆಸರು ಬರೆದು, ಅವಳ ಕೈಗೆ ಕೊಟ್ಟೆ.